ಮಾರಿಸ್ ಮೈನರ್: ನೆಲದಡಿಯ ಬ್ರೇಕ್ ಮಾಸ್ಟರ್ ಸಿಲಿಂಡರ್ ಬದಲಿಸೋದು. ಹೊಸದಾ, ಸ್ಲೀವಾ?

ಮೈನರ್_ಮೈಸೂರು

ಎಲ್ಲರಿಗೂ ನಮಸ್ಕಾರ. ಗಾಡಿ 1960ರ ಮಾರಿಸ್ ಮೈನರ್ 1000, 948 ಸಿಸಿ, ನಾಲ್ಕೂ ಕಡೆ ಡ್ರಮ್ ಬ್ರೇಕ್. ಸಿಗ್ನಲ್‌ನಲ್ಲಿ ಬ್ರೇಕ್ ಮೇಲೆ ಕಾಲಿಟ್ಟು ನಿಂತರೆ ಪೆಡಲ್ ಮೆಲ್ಲಗೆ ಕೆಳಕ್ಕೆ ಇಳಿಯುತ್ತೆ. ಒಂದೆರಡು ಸಲ ಪಂಪ್ ಮಾಡಿದರೆ ಮತ್ತೆ ಮೇಲೆ ಬರುತ್ತೆ. ಡ್ರಮ್ ಬಿಚ್ಚಿ ನೋಡಿದೆ, ವೀಲ್ ಸಿಲಿಂಡರ್‌ಗಳು (ಚಕ್ರದಲ್ಲಿ ಬ್ರೇಕ್ ಶೂ ತಳ್ಳೋವು) ಒಣಗಿವೆ, ಪೈಪ್ ಎಲ್ಲೂ ಜಿನುಗ್ತಿಲ್ಲ, ಬ್ರೇಕ್ ಆಯಿಲ್ ಮಟ್ಟವೂ ಇಳಿದಿಲ್ಲ. ಆದರೆ ಆಯಿಲ್ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ.

ಪೆಡಲ್ ಒತ್ತಿದಾಗ ಆಯಿಲನ್ನ ಚಕ್ರಗಳಿಗೆ ತಳ್ಳೋ ಮಾಸ್ಟರ್ ಸಿಲಿಂಡರೇ ಹೋಗಿದೆ ಅಂತ ನನ್ನ ಲೆಕ್ಕ. ಹೊಸದು ತರಿಸಬೇಕಾ, ಇರೋದಕ್ಕೆ ಹೊಸ ರಬ್ಬರ್ ವಾಷರ್‌ಗಳ ಕಿಟ್ ಹಾಕಿದರೆ ಸಾಕಾ? ಈ ಗಾಡಿಯಲ್ಲಿ ಅದನ್ನ ಹೊರಗೆ ತೆಗೆಯೋದೇ ಕಷ್ಟ ಅಂತಾರೆ, ಯಾಕೆ? ಆಯಿಲ್ ಯಾವುದು ಹಾಕಲಿ?

ಒಂಟಿಕೊಪ್ಪಲ್

ಲೆಕ್ಕ ಸರಿ ಇದೆ ಸಾರ್. ಹೊರಗೆ ಎಲ್ಲೂ ಸೋರದೆ ಪೆಡಲ್ ಇಳೀತಿದೆ ಅಂದ್ರೆ ಒಳಗಿನ ಪ್ರೈಮರಿ ಬಕೆಟ್ ವಾಷರ್, ಅಂದ್ರೆ ಪಿಸ್ಟನ್ ಮುಂದಿನ ಬಟ್ಟಲಿನಾಕಾರದ ರಬ್ಬರ್, ಒತ್ತಡ ಹಿಡೀತಿಲ್ಲ. ಆಯಿಲ್ ವಾಷರಿನ ತುಟಿ ದಾಟಿ ವಾಪಸ್ ಬ್ರೇಕ್ ಆಯಿಲ್ ಟ್ಯಾಂಕಿಗೇ ಹೋಗುತ್ತೆ, ಅದಕ್ಕೇ ಮಟ್ಟ ಕಡಿಮೆ ಆಗಿಲ್ಲ. ಹಿಂದಿನ ಸೆಕೆಂಡರಿ ವಾಷರ್ ಹೋಗಿದ್ದರೆ ಪುಶ್ ರಾಡ್ (ಪೆಡಲ್‌ನಿಂದ ಪಿಸ್ಟನ್ ತಳ್ಳೋ ಕಡ್ಡಿ) ಕಡೆಯ ರಬ್ಬರ್ ಬೂಟಿನಿಂದ ತೊಟ್ಟಿಕ್ಕಿ ಚಾಸಿಯ ಒಳಗೆ ಒದ್ದೆ ಆಗ್ತಿತ್ತು. ಮ್ಯಾಟ್ ಎತ್ತಿ ಅದನ್ನೂ ಒಂದು ಸಲ ಟಾರ್ಚ್ ಹಾಕಿ ನೋಡ್ಕೊಳ್ಳಿ. ಎರಡೂ ಒಟ್ಟಿಗೆ ಹೋಗಿರೋದೂ ಉಂಟು.

ಪಂಪ್ ಮಾಡಿದಾಗ ಪೆಡಲ್ ಮೇಲೆ ಬಂದು ಅಲ್ಲೇ ಗಟ್ಟಿ ನಿಂತರೆ ಶೂ ಅಡ್ಜಸ್ಟ್‌ಮೆಂಟ್ ಸಡಿಲ. ಸ್ಪ್ರಿಂಗ್ ತರ ಆಡಿದರೆ ಗಾಳಿ. ನಿಮ್ಮದು ಕಾಲಿಟ್ಟ ಹಾಗೇ ಇಳಿಯೋದು, ಅದು ಈ ಎರಡರಲ್ಲಿ ಯಾವುದೂ ಅಲ್ಲ.

ಹಳೇಗಾಡಿ

ಬಿಚ್ಚುವ ಮುನ್ನ ಒಳಗೇನಿದೆ ಎಂದು ತಿಳಿದಿದ್ದರೆ ಜೋಡಿಸುವಾಗ ಗೊಂದಲವಾಗುವುದಿಲ್ಲ. ಲಾಕ್‌ಹೀಡ್ ಮಾದರಿಯ ಈ ಸಿಲಿಂಡರಿನ ಬೋರ್ (ಒಳಕೊಳವೆಯ ವ್ಯಾಸ) 7/8 ಇಂಚು, ಅಂದರೆ 22.2 ಮಿ.ಮೀ. ಪೆಡಲ್ ಕಡೆಯಿಂದ ಒಳಕ್ಕೆ ಹೋದರೆ ರಬ್ಬರ್ ಬೂಟ್, ಪುಶ್ ರಾಡ್, ಸರ್ಕ್ಲಿಪ್, ತಡೆ ವಾಷರ್, ಸೆಕೆಂಡರಿ ವಾಷರ್ ಕೂತ ಪಿಸ್ಟನ್, ತೆಳು ಲೋಹದ ಬಿಲ್ಲೆ, ಪ್ರೈಮರಿ ವಾಷರ್, ಸ್ಪ್ರಿಂಗ್, ಕೊನೆಯಲ್ಲಿ ಪೈಪುಗಳಲ್ಲಿ ಸ್ವಲ್ಪ ಒತ್ತಡ ಉಳಿಸುವ ಚೆಕ್ ವಾಲ್ವ್. ಎರಡೂ ವಾಷರುಗಳ ತುಟಿ ಪೆಡಲಿಗೆ ಬೆನ್ನು ಹಾಕಿ ಒಳಮುಖವಾಗಿಯೇ ಇರಬೇಕು. ಪಿಸ್ಟನ್ ತಲೆಯಲ್ಲಿ ಸಣ್ಣ ತೂತುಗಳಿರುತ್ತವೆ. ತೆಳು ಬಿಲ್ಲೆಯನ್ನು ಮರೆತರೆ ಒತ್ತಡಕ್ಕೆ ಪ್ರೈಮರಿ ವಾಷರಿನ ರಬ್ಬರು ಆ ತೂತುಗಳೊಳಗೆ ನುಗ್ಗಿ ಹರಿಯುತ್ತದೆ. ಕಿಟ್ ಹಾಕಿದ ಕೆಲವೇ ವಾರಗಳಲ್ಲಿ ಪೆಡಲ್ ಮತ್ತೆ ಇಳಿಯತೊಡಗಿದರೆ ಮೊದಲು ಅನುಮಾನಿಸಬೇಕಾದ್ದು ಈ ಬಿಲ್ಲೆಯನ್ನು.

ಟ್ಯಾಂಕಿನಿಂದ ಬೋರಿಗೆ ಎರಡು ತೂತುಗಳಿವೆ. ದೊಡ್ಡದು ಪಿಸ್ಟನ್ನಿನ ಸೊಂಟದ ಭಾಗಕ್ಕೆ ಆಯಿಲ್ ಕೊಡುತ್ತದೆ. ಸಣ್ಣದು, 1 ಮಿ.ಮೀ.ಗಿಂತಲೂ ಕಿರಿದು, ಪ್ರೈಮರಿ ವಾಷರಿನ ತುಟಿಗೆ ಸ್ವಲ್ಪವೇ ಮುಂದೆ ತೆರೆದುಕೊಳ್ಳುತ್ತದೆ. ಪೆಡಲ್ ಒತ್ತಿದ ಕೂಡಲೇ ತುಟಿ ಈ ತೂತನ್ನು ದಾಟುತ್ತದೆ, ಆಮೇಲೆ ಒತ್ತಡ ಏರುತ್ತದೆ. ಕಾಲು ತೆಗೆದಾಗ ತೂತು ಮತ್ತೆ ತೆರೆದು, ಬಿಸಿಗೆ ಹಿಗ್ಗಿದ ಆಯಿಲ್ ಟ್ಯಾಂಕಿಗೆ ಮರಳುತ್ತದೆ. ಇದು ಮುಚ್ಚಿದ್ದರೆ ಎಷ್ಟೇ ಹೊಸ ಸಿಲಿಂಡರಾದರೂ ಬ್ರೇಕ್ ಹಿಡಿದುಕೊಳ್ಳುತ್ತದೆ. ಈ ಕೆಲಸದ ಮುಕ್ಕಾಲು ಪಾಲು ತೊಂದರೆ ಇದೊಂದು ತೂತಿನ ಸುತ್ತಲೇ ಇರುವುದು.

ಒಂಟಿಕೊಪ್ಪಲ್

ಈಗ ತೆಗೆಯೋದು. ಸಿಲಿಂಡರ್ ಕೂತಿರೋದು ಡ್ರೈವರ್ ಕಾಲಡಿ, ಚಾಸಿ ಲೆಗ್ (ನೆಲದಡಿಯ ಉದ್ದನೆಯ ಉಕ್ಕಿನ ತೊಲೆ) ಒಳಗೆ. ಮ್ಯಾಟ್ ಎತ್ತಿದರೆ ಫಿಲ್ಲರ್ ಪ್ಲಗ್‌ಗೆ ಒಂದು ಬಾಯಿ, ಅದರ ಸುತ್ತ ಸ್ಕ್ರೂ ಹಾಕಿರೋ ಮುಚ್ಚಳದ ತಗಡು. ಸ್ಕ್ರೂಗಳು ತುಕ್ಕು ಹಿಡಿದು ತಲೆ ಸವೆಯೋದು ಗ್ಯಾರಂಟಿ. ಹಿಂದಿನ ದಿನವೇ ತುಕ್ಕು ಬಿಡಿಸೋ ಆಯಿಲ್ ಬಿಟ್ಟಿಡಿ. ಇಂಪ್ಯಾಕ್ಟ್ ಸ್ಕ್ರೂಡ್ರೈವರ್ ಇದ್ದರೆ ಒಳ್ಳೇದು, ಇಲ್ಲಾಂದ್ರೆ ಡ್ರಿಲ್ ಹಾಕಿ ತಲೆ ಹಾರಿಸಬೇಕಾಗುತ್ತೆ.

ತಗಡು ಬಂದ ಮೇಲೆ ಮೊದಲು ಟ್ಯಾಂಕಿನ ಸುತ್ತ ಇರೋ ಮಣ್ಣು, ಮರಳು ಎಲ್ಲ ಬ್ರಶ್ಶಲ್ಲಿ ಗುಡಿಸಿ. ಆಮೇಲೆ ಫಿಲ್ಲರ್ ಪ್ಲಗ್ ಬಿಚ್ಚಿ ಸಿರಿಂಜಲ್ಲಿ ಆಯಿಲ್ ಹೀರಿ ತೆಗೀರಿ. ಪೆಡಲ್ ಸ್ಪ್ರಿಂಗ್ ಕಳಚಿ. ತುದಿಯ ಬ್ಯಾಂಜೋ ಬೋಲ್ಟ್ (ಪೈಪನ್ನ ಸಿಲಿಂಡರಿಗೆ ಜೋಡಿಸೋ ಟೊಳ್ಳು ಬೋಲ್ಟ್), ಬ್ರೇಕ್ ಲೈಟ್ ಸ್ವಿಚ್ಚಿನ ವೈರ್, ಎಲ್ಲ ಬಿಡಿಸ್ಕೊಳ್ಳಿ. ತಾಮ್ರದ ವಾಷರ್ ಯಾವುದು ಬೋಲ್ಟಿನ ತಲೆ ಕಡೆ ಇತ್ತು, ಯಾವುದು ಸಿಲಿಂಡರ್ ಕಡೆ ಇತ್ತು ಅಂತ ಫೋಟೋ ತೆಗೆದಿಡಿ. ಅಳತೆ ಬೇರೆ ಬೇರೆ ಇದ್ದಾಗ ಅದಲು ಬದಲಾದರೆ ಎಷ್ಟು ಬಿಗಿದರೂ ಜಿನುಗೋದು ನಿಲ್ಲಲ್ಲ. ಹಳೇ ತಾಮ್ರದ ವಾಷರ್ ಮತ್ತೆ ಹಾಕಬೇಡಿ, ತೀರಾ ಸಿಗದೇ ಹೋದರೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ ಮೆತ್ತಗೆ ಮಾಡ್ಕೊಂಡು ಹಾಕಿ.

ಕಷ್ಟ ಇರೋದು ಎರಡು ಉದ್ದನೆಯ ಬೋಲ್ಟಲ್ಲಿ. ಅವು ಚಾಸಿ ಲೆಗ್ ಅಡ್ಡಕ್ಕೆ ಹಾದು ಸಿಲಿಂಡರ್ ಹಿಡ್ಕೊಂಡಿರುತ್ತವೆ. ನಟ್ ಬಿಚ್ಚಿ ಬೋಲ್ಟ್ ಎಳೆಯೋಕೆ ಹೋದರೆ ಸಸ್ಪೆನ್ಷನ್ನಿನ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡೋ ಉಕ್ಕಿನ ಸರಳು) ಅಡ್ಡ. ಅರ್ಧ ಬಂದು ತಲೆ ಬಾರಿಗೆ ತಗುಲಿ ನಿಲ್ಲುತ್ತೆ. ದಾರಿ ಮೂರು:

ಒಂದು, ಗಟ್ಟಿ ಮರದ ತುಂಡು ಇಟ್ಟು ಒಬ್ಬರು ಟಾರ್ಷನ್ ಬಾರ್‌ನ ಸ್ವಲ್ಪ ಪಕ್ಕಕ್ಕೆ ಮೀಟಿ ಹಿಡ್ಕೋಬೇಕು, ಇನ್ನೊಬ್ಬರು ಬೋಲ್ಟ್ ಎಳೀಬೇಕು. ಕಬ್ಬಿಣದ ರಾಡ್ ಇಟ್ಟು ಮೀಟಬೇಡಿ. ಬಾರ್ ಮೇಲೆ ಗೀರು ಬಿದ್ದರೆ ಮುಂದೆ ಬಿರುಕು ಶುರುವಾಗೋದು ಅಲ್ಲಿಂದಲೇ.

ಎರಡು, ಬೋಲ್ಟ್ ಎಷ್ಟು ಬರುತ್ತೋ ಅಷ್ಟು ಹೊರಗೆ ಎಳೆದು ಹ್ಯಾಕ್ಸಾ ಬ್ಲೇಡಲ್ಲಿ ಕತ್ತರಿಸೋದು. ಹೊಸ ಬೋಲ್ಟ್ ಕೈಲಿದ್ದರೆ ಇದೇ ಸುಲಭ.

ಮೂರು, ಟಾರ್ಷನ್ ಬಾರ್ ಇಳಿಸೋದು. ಅದರಲ್ಲಿ ಗಾಡಿಯ ಮುಂಭಾಗದ ಭಾರವೇ ತಿರುಚಿ ಕೂತಿರುತ್ತೆ. ಕೆಲಸ ಗೊತ್ತಿಲ್ಲದವರು ಮುಟ್ಟಲೇಬಾರದು.

ವಾಪಸ್ ಹಾಕುವಾಗ ಬೋಲ್ಟ್ ತಿರುಗಿಸಿ ಹಾಕಿ. ನಟ್ ಟಾರ್ಷನ್ ಬಾರ್ ಕಡೆ, ತಲೆ ಇನ್ನೊಂದು ಕಡೆ. ಮುಂದಿನ ಸಲ ನಟ್ ಬಿಚ್ಚಿ ಇತ್ತ ಕಡೆ ಎಳೆದರೆ ಬಂತು.

ಮೈನರ್_ಮೈಸೂರು

ತುಂಬಾ ಥ್ಯಾಂಕ್ಸ್ ಸಾರ್. ಸ್ಪ್ಯಾನರ್ ಮೆಟ್ರಿಕ್ ಸೆಟ್ ಇದೆ, ನಡೆಯುತ್ತಾ?

ಒಂಟಿಕೊಪ್ಪಲ್

ನಡೆಯಲ್ಲ. ಎಎಫ್ ಸೆಟ್, ಅಂದ್ರೆ ಇಂಚಿನ ಅಳತೆಯದು, ತಗೊಳ್ಳಿ. 7/16 ಅಂದರೆ 11.1 ಮಿ.ಮೀ., ಅದಕ್ಕೆ 11 ಹೇಗೋ ಕೂರಬಹುದು. 1/2 ಅಂದರೆ 12.7, ಅದಕ್ಕೆ 13 ಹಾಕಿ ಜೋರು ಮಾಡಿದರೆ ಮೂಲೆ ಉರುಟಾಗುತ್ತೆ. ಪೈಪ್ ನಟ್‌ಗಳಿಗೆ ಬಾಯಿ ಸೀಳಿರೋ ಫ್ಲೇರ್ ನಟ್ ಸ್ಪ್ಯಾನರ್ ಬೇಕು. ನಟ್ ಜೊತೆ ಪೈಪೂ ತಿರುಗ್ತಾ ಇದ್ದರೆ ತಕ್ಷಣ ನಿಲ್ಲಿಸಿ, ಇಲ್ಲಾಂದ್ರೆ ಪೈಪ್ ತಿರುಚಿ ಮುರಿಯುತ್ತೆ. ಹಾಗೆ ತಿರುಚಿದ ಪೈಪನ್ನ ನೆಟ್ಟಗೆ ಮಾಡಿ ಮತ್ತೆ ಹಾಕೋದು ಬೇಡ, 3/16 ಇಂಚಿನ ಹೊಸ ಪೈಪ್ ಮಾಡಿಸಿ.

ಲೇತ್_ಮಂಡ್ಯ

ಅಣ್ಣಾ, ಹೊಸದೋ ಹಳೇದೋ ಅನ್ನೋದು ಬೋರ್ ನೋಡದೆ ಹೇಳಕ್ಕಾಗಲ್ಲ. ಬಿಚ್ಚಿದ ಮ್ಯಾಕೆ ಸ್ಪಿರಿಟಲ್ಲಿ ತೊಳೆದು, ಒಣಗಿಸಿ, ಬೆಳಕಿಗೆ ಹಿಡ್ದು ಒಳಗೆ ನೋಡಿ. ಬರೀ ಕಲೆ ಇದ್ರೆ, ಉಗುರಿಗೆ ಏನೂ ತಗುಲದೆ ಇದ್ರೆ, ಸಣ್ಣ ಹೋನ್ ಕಲ್ಲು (ಒಳಗೋಡೆ ಉಜ್ಜಿ ನೈಸ್ ಮಾಡೋದು) ಹಾಕಿ ಬ್ರೇಕ್ ಆಯಿಲ್ ಹಚ್ಚಿ ನಾಕು ಸುತ್ತು ಆಡ್ಸಿ ಕಿಟ್ ಹಾಕ್ಕಳಿ. ಉಗುರಿಗೆ ಗುಳಿ ಸಿಕ್ತು ಅಂದ್ರೆ ಮುಗೀತು, ಹೋನ್ ಮಾಡಿ ಗುಳಿ ತೆಗೆಯಕ್ಕೆ ಹೋಗ್ಬೇಡಿ. ಬೋರ್ ದೊಡ್ಡದಾಯ್ತದೆ, ವಾಷರ್ ತುಟಿ ಬಿಗಿ ಬರಲ್ಲ. ಹಂಗೆ ಗುಳಿ ಬಿದ್ದಿರೋ ಸಿಲಿಂಡರ್‌ಗೆ ಸ್ಲೀವೇ ದಾರಿ, ಅಂದ್ರೆ ಒಳಗೆ ಹೊಸ ಬುಶ್ ಕೂರ್ಸೋದು.

ಸ್ಲೀವ್ ಹಾಕೋದು ಹಿಂಗೆ. ಹಳೇ ಬೋರ್ನ ಲೇತಲ್ಲಿ 3 ಮಿ.ಮೀ.ಯಷ್ಟು ದೊಡ್ಡದು ಮಾಡಿ, ಹಿತ್ತಾಳೆ ಇಲ್ಲ ಸ್ಟೇನ್‌ಲೆಸ್ ಬುಶ್ ಬಿಗಿಯಾಗಿ ಕೂರ್ಸಿ, ಆಮೇಕೆ ಒಳಗನ್ನ 22.2ಕ್ಕೆ ಮುಗಿಸಿ ಹೋನ್ ಮಾಡೋದು. ಬಾಡಿ ಗೋಡೆ ಎಷ್ಟು ದಪ್ಪ ಐತೆ ನೋಡ್ಕಂಡೇ ಬೋರ್ ಮಾಡ್ಬೇಕು. ಇಷ್ಟು ಯಾವ ಲೇತಾದ್ರೂ ಮಾಡ್ತದೆ. ತಪ್ಪೋದು ಎಲ್ಲಿ ಅಂದ್ರೆ ತೂತಲ್ಲಿ. ಬುಶ್ ಕೂರಿಸಿದ ಮ್ಯಾಕೆ ಟ್ಯಾಂಕ್ ಕಡೆಯಿಂದ ಎರಡೂ ತೂತ ಮತ್ತೆ ಹೊಡೀಬೇಕು, ಮೊದ್ಲಿದ್ದ ಜಾಗದಲ್ಲೇ, ಮೊದ್ಲಿದ್ದ ಅಳತೇಲೇ. ಸಣ್ಣದನ್ನ ದೊಡ್ಡ ಡ್ರಿಲ್ಲಲ್ಲಿ ಹೊಡ್ದುಬಿಟ್ರೆ ಬಕೆಟ್ ತುಟಿ ಪ್ರತಿ ಸಲ ಅದಕ್ಕೆ ಸಿಕ್ಕಾಕಂಡು ಕಚ್ಚಿ ಹೋಯ್ತದೆ. ಒಳಗಡೆ ಉಳಿಯೋ ಬರ್‌ನ (ಡ್ರಿಲ್ ಎಬ್ಬಿಸಿದ ಚೂಪು ಅಂಚನ್ನ) ನೈಸಾಗಿ ತೆಗೀಬೇಕು, ಬೆರಳಿಗೆ ಗೊತ್ತೇ ಆಗಬಾರದು. ಕೆಲ್ಸಕ್ಕೆ ಕೊಡೋಕೆ ಮುಂಚೆ ತೂತಿನ ಅಳತೆ, ಬಾಯಿಂದ ಎಷ್ಟು ದೂರ ಅಂತ ಬರೆದುಕೊಡಿ. ಬುಶ್ ಕೂತ್ಮೇಲೆ ಅಳೆಯಕ್ಕೆ ಏನೂ ಉಳ್ದಿರಲ್ಲ.

ಹಿತ್ತಾಳೆನೋ ಸ್ಟೇನ್‌ಲೆಸ್ಸೋ ಅಂತ ಜಗಳ ಆಡ್ತಾರೆ. ಎರಡೂ ತುಕ್ಕು ಹಿಡಿಯಲ್ಲ. ಹಿತ್ತಾಳೆ ಮುಗಿಸೋದು ಸುಲಭ, ನುಣುಪು ಚೆನ್ನಾಗಿ ಬತ್ತದೆ. ಸ್ಟೇನ್‌ಲೆಸ್ ಸವೆತಕ್ಕೆ ಗಟ್ಟಿ. ಲೇತಿನವನ ಕೈ ಯಾವುದಕ್ಕೆ ಪಳಗೈತೋ ಅದನ್ನ ಹಾಕ್ಸಿ.

ಕುವೆಂಪುನಗರ_ಪದ್ಮಿನಿ

ಅಂಬಾಸಿಡರ್ ಸಿಲಿಂಡರ್ ಹಾಕಿಬಿಟ್ಟರೆ ಆಗಲ್ವಾ? ನೋಡಕ್ಕೆ ಒಂದೇ ಜಾತಿ, ಬೇಗ ಸಿಗುತ್ತೆ ಅಂತ ಅಂಗಡಿಯವರು ಹೇಳ್ತಾರೆ.

ಹಳೇಗಾಡಿ

ನೋಟ ಹೊಂದಿದರೆ ಸಾಲದು. ಬೋರ್, ಪಿಸ್ಟನ್ ಓಡುವ ದೂರ, ಬೋಲ್ಟ್ ತೂತುಗಳ ಅಂತರ, ಪುಶ್ ರಾಡ್ ಉದ್ದ, ಯೂನಿಯನ್ನಿನ (ಪೈಪ್ ಸೇರುವ ಜಾಗದ) ಥ್ರೆಡ್, ಈ ಐದೂ ಕೂಡಿಬರಬೇಕು. ಬೋರ್ ಬದಲಾದರೆ ಆಗುವುದು ನೇರ ಲೆಕ್ಕ: 7/8 ಇಂಚಿನ ಬದಲು 1 ಇಂಚು ಹಾಕಿದರೆ ಪಿಸ್ಟನ್ನಿನ ವಿಸ್ತೀರ್ಣ ಸುಮಾರು ಶೇ. 31 ಹೆಚ್ಚು. ಅಷ್ಟೇ ಬ್ರೇಕಿಗೆ ಕಾಲಿನ ಬಲವೂ ಶೇ. 31 ಹೆಚ್ಚು ಬೇಕು. ಪೆಡಲ್ ಗಟ್ಟಿಯಾಗಿ ಮೇಲೇ ನಿಲ್ಲುವುದರಿಂದ 'ಬ್ರೇಕ್ ಸೂಪರ್' ಎನಿಸುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಸರ್ವೋ, ಅಂದರೆ ಕಾಲಿನ ಬಲ ಹೆಚ್ಚಿಸುವ ಸಾಧನ, ಇಲ್ಲದ ಗಾಡಿಯಲ್ಲಿ ಇದು ಅಪಾಯ. 3/4 ಇಂಚಿಗೆ ಇಳಿದರೆ ಕಾಲಿಗೆ ಹಗುರ, ಆದರೆ ಪೆಡಲ್ ಶೇ. 36ರಷ್ಟು ಹೆಚ್ಚು ಓಡಬೇಕು, ಶೂ ಸ್ವಲ್ಪ ಸವೆದರೂ ನೆಲಕ್ಕೆ ತಾಗುತ್ತದೆ.

ಥ್ರೆಡ್ ವಿಷಯ ಇನ್ನೂ ಮೋಸದ್ದು. ಬ್ರಿಟಿಷ್ ಗಾಡಿಗಳ 3/8 ಇಂಚು, ಇಂಚಿಗೆ 24 ಎಳೆಯ ನಟ್ಟನ್ನು ಎಂ10 (10 ಮಿ.ಮೀ. ಮೆಟ್ರಿಕ್) ತೂತಿಗೆ ಹಾಕಿದರೆ ಒಳಗೆ ಹೋಗುತ್ತದೆ. ವ್ಯಾಸ 9.5 ಮಿ.ಮೀ., ಎಳೆಯ ಅಂತರ 1.06 ಮಿ.ಮೀ.; ಎಂ10ರದು 1. ಕೈಯಲ್ಲಿ ತಿರುಗಿಸುವಾಗ ಸರಿಯಾಗಿಯೇ ಇದೆ ಎನಿಸುತ್ತದೆ. ಜೋರಾಗಿ ಬ್ರೇಕ್ ತುಳಿದ ದಿನ ಎಳೆಗಳು ಕಿತ್ತು ಬರುತ್ತವೆ. ಹೊಸ ಸಿಲಿಂಡರಿನ ಥ್ರೆಡ್ಡನ್ನು ಹಳೆಯ ನಟ್ ಹಾಕಿ ಅಲುಗಾಡಿಸಿ ನೋಡದೆ ಗಾಡಿಗೆ ಕಟ್ಟಬೇಡಿ.

ಮೈನರಿಗೆ ಹೊಸ ಸಿಲಿಂಡರ್ ಬ್ರಿಟನ್ನಿನಲ್ಲಿ ಇನ್ನೂ ಮಾರಾಟದಲ್ಲಿದೆ. ತರಿಸಿಕೊಳ್ಳುವುದೇ ಮೇಲು. ಹಳೆಯದನ್ನು ಎಸೆಯದೆ ಸ್ಲೀವ್ ಹಾಕಿಸಿ ಇಟ್ಟುಕೊಳ್ಳಿ.

ಲೇತ್_ಮಂಡ್ಯ

ಹೊಸದು ಅಂತ ಕಣ್ಮುಚ್ಚಿ ಹಾಕ್ಬೇಡಿ ಅಣ್ಣಾ. ಡಬ್ಬಿಯಿಂದ ತೆಗೆದು ಬಿಚ್ಚಿ, ಸ್ಪಿರಿಟಲ್ಲಿ ತೊಳೆದು, ಸಣ್ಣ ತೂತು ಇದೆಯಾ ನೋಡಿ. ವೈರೊಳಗಿನ ತಾಮ್ರದ ಒಂದೆಳೆ ಒಳಕ್ಕೆ ಬುಡಿ, ಸೂಜಿ ಹಾಕಬೇಡಿ, ಬೋರ್ ಗೀರ್ತದೆ. ಆಮೇಲೆ ಜೋಡಿಸಿ ವೈಸಲ್ಲಿ ಮೆಲ್ಲಗೆ ಹಿಡಿದು ಟ್ಯಾಂಕಿಗೆ ಆಯಿಲ್ ಹಾಕಿ, ಸ್ಕ್ರೂಡ್ರೈವರಲ್ಲಿ ಪಿಸ್ಟನ್ನ ಒಂದೆರಡು ಮಿ.ಮೀ. ಒತ್ತಿ. ಟ್ಯಾಂಕಲ್ಲಿ ಒಂದು ಚಿಲುಮೆ ಪುಳಕ್ ಅಂತ ಎದ್ದು ನಿಲ್ಬೇಕು. ಎದ್ರೆ ತೂತು ಸರಿ ಐತೆ, ವಾಷರೂ ಸರಿಯಾದ ಜಾಗದಲ್ಲಿ ಐತೆ. ಕಣ್ಣು ದೂರ ಇಟ್ಕಳಿ.

ಬೆಟ್ಟದ_ರಸ್ತೆ

ಆಯಿಲ್ ಬಗ್ಗೆ ಯಾರೂ ಹೇಳಿಲ್ಲ. ಸಿಲಿಕಾನ್ ಬ್ರೇಕ್ ಆಯಿಲ್ ಹಾಕಿ, ಡಾಟ್ 5 ದರ್ಜೆಯದು. ನೀರು ಹೀರಲ್ಲ, ಪೇಂಟ್ ತಿನ್ನಲ್ಲ. ವರ್ಷದಲ್ಲಿ ನಾಲ್ಕು ಸಲ ಹೊರಗೆ ತೆಗೆಯೋ ಗಾಡಿಗೆ ಇದಕ್ಕಿಂತ ಒಳ್ಳೇದಿಲ್ಲ.

ಹಳೇಗಾಡಿ

ನಿಂತೇ ಇರುವ ಗಾಡಿಗೆ ಒಪ್ಪುತ್ತೇನೆ. ಓಡಿಸುವ ಗಾಡಿಗೆ ಒಪ್ಪುವುದಿಲ್ಲ. ಸಿಲಿಕಾನ್ ನೀರನ್ನು ಹೀರದಿದ್ದರೂ ನೀರು ಒಳಗೆ ಬರುವುದು ನಿಲ್ಲುವುದಿಲ್ಲ, ಹನಿಯಾಗಿ ತಗ್ಗಿನಲ್ಲಿ ಸೇರಿಕೊಳ್ಳುತ್ತದೆ. ವೀಲ್ ಸಿಲಿಂಡರಿನಲ್ಲಿ ಸೇರಿದರೆ ಅಲ್ಲೇ ತುಕ್ಕು. ಕಾದಾಗ 100 ಡಿಗ್ರಿಗೇ ಆವಿ. ಅದರಲ್ಲಿ ಗಾಳಿಯ ಸಣ್ಣ ಗುಳ್ಳೆಗಳು ಸುಲಭವಾಗಿ ಬೆರೆತು ಪೆಡಲ್ ಮೆತ್ತಗಾಗುತ್ತದೆ. ಹೈಡ್ರಾಲಿಕ್ ಬ್ರೇಕ್ ಲೈಟ್ ಸ್ವಿಚ್ಚುಗಳು ಅದರಲ್ಲಿ ಬೇಗ ಕೈಕೊಡುತ್ತವೆ ಎಂಬ ದೂರೂ ಇದೆ. ಹಾಕುವುದೇ ಆದರೆ ಹಳೆಯ ಆಯಿಲ್ ಒಂದು ಹನಿಯೂ ಉಳಿಯಬಾರದು, ರಬ್ಬರುಗಳೆಲ್ಲ ಹೊಸದಾಗಬೇಕು.

ಡಾಟ್ 3ರ ಕುದಿಯುವ ಮಟ್ಟ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ, ನೀರು ಹೀರಿದ ಮೇಲೆ 140. ಡಾಟ್ 4ಕ್ಕೆ 230 ಮತ್ತು 155. ಡಾಟ್ 4 ಹಾಕಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಾಟ್ 5.1 ಎಂಬುದು ಸಿಲಿಕಾನ್ ಅಲ್ಲ, ಅದೂ ಡಾಟ್ 4ರ ಜಾತಿಯೇ. ಅಂಕಿ ನೋಡಿ ಡಾಟ್ 5ರ ಜೊತೆ ಬೆರೆಸುವವರು ಇದ್ದಾರೆ.

ಬೆಟ್ಟದ_ರಸ್ತೆ

ಚಾಮುಂಡಿ ಬೆಟ್ಟ ಇಳಿಯುವಾಗ ಡಾಟ್ 4 ಹಾಕಿದ ಗಾಡಿಗಳೂ ಪೆಡಲ್ ಕಳ್ಕೊಳ್ತವೆ, ನೋಡಿದೀನಿ.

ಒಂಟಿಕೊಪ್ಪಲ್

ಅದು ಹಳೇ ಆಯಿಲ್. ಇಲ್ಲಾಂದ್ರೆ ಟಾಪ್ ಗೇರಲ್ಲಿ ಬ್ರೇಕ್ ಮೇಲೆ ಕಾಲಿಟ್ಕೊಂಡೇ ಇಳಿದಿರೋದು. ಸೆಕೆಂಡ್ ಗೇರಲ್ಲಿ ಇಳೀಬೇಕು. ಡ್ರಮ್ ಕಾದರೆ ಆಯಿಲ್ ಯಾವುದಾದರೂ ಶೂ ಹಿಡಿಯಲ್ಲ. ಪೆಡಲ್ ಗಟ್ಟಿ ಇದ್ದು ಗಾಡಿ ನಿಲ್ಲದಿದ್ದರೆ ಶೂ ಕಾದಿದೆ, ಪೆಡಲ್ಲೇ ನೆಲಕ್ಕೆ ಹೋದರೆ ಆಯಿಲ್ ಕುದ್ದಿದೆ. ಎರಡು ಬೇರೆ ಬೇರೆ ಕಾಯಿಲೆ.

ಇನ್ನೊಂದು ಮಾತು. ರಬ್ಬರ್ ಭಾಗ ಯಾವುದನ್ನೂ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್‌ನಲ್ಲಿ ತೊಳೀಬೇಡಿ. ಎಂಜಿನ್ ಆಯಿಲ್ ಒಂದು ಚಮಚ ಬಿದ್ದರೂ ವಾಷರ್‌ಗಳು ಊದಿಕೊಂಡು ಸಣ್ಣ ತೂತು ಮುಚ್ಚುತ್ತವೆ, ನಾಲ್ಕೂ ಚಕ್ರ ಜಾಮ್. ಜೋಡಿಸುವಾಗ ಹಚ್ಚೋದು ಬ್ರೇಕ್ ಆಯಿಲ್, ಇಲ್ಲ ಕೆಂಪು ರಬ್ಬರ್ ಗ್ರೀಸ್. ಮಾಮೂಲಿ ಗ್ರೀಸ್ ಮುಟ್ಟಿಸಬೇಡಿ.

ಕುವೆಂಪುನಗರ_ಪದ್ಮಿನಿ

ಇಷ್ಟೆಲ್ಲ ಬಿಚ್ಚೋದಾದರೆ ಎರಡು ಸರ್ಕ್ಯೂಟಿನ ಟ್ಯಾಂಡಮ್ ಸಿಲಿಂಡರ್ ಹಾಕೋದು ವಾಸಿ ಅಲ್ವಾ? ಒಂದು ಹೋಸ್ ಒಡೆದರೆ ನಾಲ್ಕೂ ಬ್ರೇಕ್ ಹೋಗುತ್ತಲ್ಲ.

ಹಳೇಗಾಡಿ

ವಾದ ಸರಿ. ಒಂದೇ ಸರ್ಕ್ಯೂಟಿನ ಗಾಡಿಯಲ್ಲಿ ಉಳಿಯುವುದು ಹ್ಯಾಂಡ್‌ಬ್ರೇಕಿನ ಕೇಬಲ್ ಮಾತ್ರ. ಆದರೆ ಚಾಸಿ ಲೆಗ್ಗಿನೊಳಗೆ ಉದ್ದದ ಟ್ಯಾಂಡಮ್ ಸಿಲಿಂಡರಿಗೆ ಜಾಗವಿಲ್ಲ. ಕತ್ತರಿಸಿ ವೆಲ್ಡ್ ಮಾಡಿಸಬೇಕು, ಇಲ್ಲವೇ ಪೆಡಲನ್ನೇ ಬದಲಿಸಬೇಕು. 2021ರ ಕೇಂದ್ರದ ನಿಯಮದಲ್ಲಿ 50 ವರ್ಷ ಮೀರಿದ ಗಾಡಿಗೆ ವಿಂಟೇಜ್ ನೋಂದಣಿ, ನಂಬರಿನಲ್ಲಿ ವಿಎ ಅಕ್ಷರ, ಸಿಗಬೇಕಾದರೆ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು. ಆ ನೋಂದಣಿಯ ಯೋಚನೆ ಇದ್ದವರು ಚಾಸಿಗೆ ಕಟ್ಟರ್ ಇಡುವ ಮುನ್ನ ಯೋಚಿಸಲಿ. ನನ್ನ ಮಾತು ಕೇಳಿದರೆ, ಆ ದುಡ್ಡಿನಲ್ಲಿ ಎಲ್ಲ ರಬ್ಬರ್ ಹೋಸ್, ಎಲ್ಲ ವೀಲ್ ಸಿಲಿಂಡರ್, ತುಕ್ಕು ಹಿಡಿದ ಪೈಪ್ ಹೊಸದು ಮಾಡಿಸಿ.

ಒಂಟಿಕೊಪ್ಪಲ್

ವೀಲ್ ಸಿಲಿಂಡರ್ ಮಾತು ಬಂತಲ್ಲ, ಅದನ್ನ ಒಟ್ಟಿಗೇ ಮಾಡಿ. ಮೈನರಲ್ಲಿ ಮುಂದಿನ ಒಂದೊಂದು ಚಕ್ರಕ್ಕೆ ಎರಡೆರಡು, ಹಿಂದೆ ಒಂದೊಂದು, ಒಟ್ಟು ಆರು. ಮಾಸ್ಟರ್ ಹೊಸದಾಗಿ ಪೂರ್ತಿ ಒತ್ತಡ ಕೊಡೋಕೆ ಶುರು ಮಾಡಿದ ಮೇಲೆ ಹಳೇ ವಾಷರ್‌ಗಳು ಒಂದೊಂದಾಗಿ ಸೋರ್ತವೆ. ಡ್ರಮ್ ಧೂಳನ್ನ ಕಂಪ್ರೆಸರ್ ಗಾಳಿಯಲ್ಲಿ ಊದಬೇಡಿ, ಹಳೇ ಲೈನರಲ್ಲಿ ಆಸ್ಬೆಸ್ಟಾಸ್ ಇರುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಈಗ ಗಾಳಿ ತೆಗೆಯೋದು. 500 ಎಂಎಲ್‌ನ ಎರಡು ಸೀಲ್ ಡಬ್ಬಿ ತನ್ನಿ. ಮೊದಲು ಎಲ್ಲ ಶೂ ಅಡ್ಜಸ್ಟರನ್ನ ಚಕ್ರ ಜಾಮ್ ಆಗೋವರೆಗೂ ಬಿಗೀರಿ, ಮುಂದೆ ಎರಡೆರಡು, ಹಿಂದೆ ಒಂದೊಂದು. ಶೂ ಓಡದೇ ಇದ್ದರೆ ಕಡಿಮೆ ಆಯಿಲಲ್ಲಿ ಪೆಡಲ್ ಗಟ್ಟಿ ಬರುತ್ತೆ. ಮಾಸ್ಟರ್ ಬಲಗಡೆ ಇರೋದರಿಂದ ದೂರದ ಚಕ್ರ ಹಿಂದಿನ ಎಡ. ಅಲ್ಲಿಂದ ಶುರು, ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ನಿಪಲ್‌ಗೆ (ಚಕ್ರದ ಹತ್ತಿರ ಗಾಳಿ ಬಿಡೋ ಸ್ಕ್ರೂ) ಪೈಪ್ ಸಿಕ್ಕಿಸಿ, ಬಾಟಲಿಯಲ್ಲಿ ಸ್ವಲ್ಪ ಆಯಿಲ್ ಇದ್ದು ಪೈಪಿನ ತುದಿ ಮುಳುಗಿರಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿದಾಗ ನಿಪಲ್ ಬಿಚ್ಚಿ, ಪೆಡಲ್ ಮೇಲೆ ಬರೋ ಮುಂಚೆ ಮುಚ್ಚಿ. ಟ್ಯಾಂಕ್ ಚಿಕ್ಕದು, ಏಳೆಂಟು ಸಲಕ್ಕೊಮ್ಮೆ ಆಯಿಲ್ ತುಂಬಿಸ್ತಾ ಇರಿ. ಖಾಲಿ ಆಗಿ ಗಾಳಿ ಎಳ್ಕೊಂಡರೆ ಮೊದಲಿಂದ. ಕೊನೆಗೆ ಮಟ್ಟ ಬಾಯಿಂದ ಅರ್ಧ ಇಂಚು ಕೆಳಗಿರಲಿ, ಪ್ಲಗ್‌ನ ಗಾಳಿ ತೂತು ತೆರೆದಿರಲಿ.

ಹಳೇ ಸಿಲಿಂಡರಿಗೆ ಕಿಟ್ ಹಾಕಿದ್ದರೆ ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಕೊಳ್ಳಿ. ನೆಲದವರೆಗೂ ಒತ್ತಿದರೆ ವಾಷರ್ ತುಟಿ ಯಾವತ್ತೂ ಓಡದ, ತುಕ್ಕಿರೋ ಜಾಗಕ್ಕೆ ಹೋಗಿ ಹರಿಯುತ್ತೆ.

ನಿಪಲ್ ಬಿಚ್ಚಿಟ್ಟು ತಾನಾಗೇ ಇಳಿಯಲಿ ಅಂತ ಕಾಯೋ ಪದ್ಧತಿ ಈ ಗಾಡಿಯಲ್ಲಿ ನಡೆಯಲ್ಲ. ಟ್ಯಾಂಕ್ ನೆಲದಡಿ ಇದೆ, ಚಕ್ರಕ್ಕಿಂತ ಎತ್ತರ ಇಲ್ಲ. ಅದರ ಮೇಲೆ ಚೆಕ್ ವಾಲ್ವ್ ಬೇರೆ ತಡೆಯುತ್ತೆ. ಎಷ್ಟು ತೆಗೆದರೂ ಪೆಡಲ್ ಸ್ಪ್ರಿಂಗ್ ತರ ಇದ್ದರೆ, ಸಿಲಿಂಡರಿನ ಯೂನಿಯನ್ ಇರೋ ತುದಿ ಸ್ವಲ್ಪ ಮೇಲಾಗೋ ಹಾಗೆ ಗಾಡಿ ಓರೆ ಮಾಡಿ ಆಕ್ಸಲ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಮತ್ತೊಂದು ಸುತ್ತು ಮಾಡಿ. ಮುಗಿದ ಮೇಲೆ ಅಡ್ಜಸ್ಟರ್ ಒಂದೊಂದೇ ಕ್ಲಿಕ್ ಹಿಂದಕ್ಕೆ, ಚಕ್ರ ಸಲೀಸಾಗಿ ತಿರುಗೋವರೆಗೂ.

ಮೈನರ್_ಮೈಸೂರು

ಹೊಸ ಸಿಲಿಂಡರ್ ಕೂತಿದೆ. ಬೋಲ್ಟ್ ಕತ್ತರಿಸಿಯೇ ತೆಗೆಯಬೇಕಾಯ್ತು, ಹೊಸದನ್ನ ತಿರುಗಿಸಿ ಹಾಕಿದೆ. ವೀಲ್ ಸಿಲಿಂಡರ್ ಆರೂ ಕಿಟ್ ಆಯ್ತು. ಪೆಡಲ್ ಈಗ ಕಲ್ಲಿನ ಹಾಗೆ ಗಟ್ಟಿ, ಇಳೀತಿಲ್ಲ. ಆದರೆ ಹೊಸ ತೊಂದರೆ: ಹೊರಟಾಗ ಸರಿಯಾಗಿರುತ್ತೆ, ರಿಂಗ್ ರೋಡಲ್ಲಿ ಸ್ವಲ್ಪ ದೂರ ಹೋದಮೇಲೆ ಗಾಡಿ ಎಳೆಯಲ್ಲ, ನಾಲ್ಕೂ ಡ್ರಮ್ ಬಿಸಿ. ಅರ್ಧ ಗಂಟೆ ನಿಲ್ಲಿಸಿದರೆ ಬಿಡುತ್ತೆ.

ಲೇತ್_ಮಂಡ್ಯ

ಹಿಡ್ಕಂಡಿರೋವಾಗ ಬ್ರೇಕ್ ಲೈಟ್ ಉರೀತಾ ಐತಾ, ಆರಿರ್ತದಾ?

ಮೈನರ್_ಮೈಸೂರು

ಕಾಲು ತೆಗೆದರೂ ಉರೀತಾನೇ ಇದೆ. ಸ್ವಿಚ್ ಹೋಗಿದೆ ಅಂದ್ಕೊಂಡಿದ್ದೆ.

ಹಳೇಗಾಡಿ

ಸ್ವಿಚ್ ಸರಿಯಾಗಿದೆ, ಅದು ನಿಮಗೆ ಉತ್ತರ ಹೇಳುತ್ತಿದೆ. ಅದು ಒತ್ತಡಕ್ಕೆ ಉರಿಯುವ ಸ್ವಿಚ್. ಚೆಕ್ ವಾಲ್ವ್ ಉಳಿಸುವ ಒತ್ತಡ ಅರ್ಧದಿಂದ ಮುಕ್ಕಾಲು ಬಾರ್ (ಒತ್ತಡದ ಅಳತೆ), ಅಷ್ಟಕ್ಕೆ ದೀಪ ಉರಿಯುವುದಿಲ್ಲ, ಶೂ ಸ್ಪ್ರಿಂಗುಗಳೂ ಅದನ್ನು ಮೀರಿ ಎಳೆದುಕೊಳ್ಳುತ್ತವೆ. ಆ ಒತ್ತಡ ಇರಬೇಕಾದದ್ದೇ, ಇಲ್ಲದಿದ್ದರೆ ವೀಲ್ ಸಿಲಿಂಡರಿನ ತುಟಿಗಳು ಗಾಳಿ ಎಳೆದುಕೊಳ್ಳುತ್ತವೆ. ದೀಪ ಉರಿಯುತ್ತಿದೆ ಎಂದರೆ ಅದಕ್ಕಿಂತ ಬಹಳ ಹೆಚ್ಚು ಒತ್ತಡ ಸಿಕ್ಕಿಬಿದ್ದಿದೆ. ನಾಲ್ಕೂ ಚಕ್ರ ಹಿಡಿದಿರುವುದರಿಂದ ಮೂಲ ಮಾಸ್ಟರಿನ ಬಳಿಯೇ.

ಹಿಡಿದಿರುವಾಗಲೇ ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಕಲ್ಲು ಕೊಟ್ಟು ಈ ಕ್ರಮದಲ್ಲಿ ನೋಡಿ. ಮೊದಲು ಸಿಲಿಂಡರಿನ ಎರಡು ಬೋಲ್ಟ್ ಸಡಿಲಿಸಿ, ಪುಶ್ ರಾಡಿನಿಂದ ದೂರಕ್ಕೆ ಒಂದಿಷ್ಟು ಸರಿಸಿ. ಚಕ್ರ ಬಿಟ್ಟರೆ ಪುಶ್ ರಾಡಿಗೆ ಬಿಡುವಿಲ್ಲ. ಪಿಸ್ಟನ್ ಪೂರ್ತಿ ಹಿಂದಕ್ಕೆ ಬರದೆ ಸಣ್ಣ ತೂತು ಮುಚ್ಚಿಯೇ ಇದೆ. ಬಿಡದಿದ್ದರೆ ಬ್ಯಾಂಜೋ ಬೋಲ್ಟ್ ಸ್ವಲ್ಪ ಸಡಿಲಿಸಿ. ಆಗ ಬಿಟ್ಟರೆ ದೋಷ ಸಿಲಿಂಡರಿನೊಳಗೆ: ತೂತು ಕಟ್ಟಿದೆ, ವಾಷರ್ ಊದಿದೆ, ಇಲ್ಲವೇ ಚೆಕ್ ವಾಲ್ವ್ ಅಂಟಿದೆ. ಆಗಲೂ ಬಿಡದೆ ಚಕ್ರದ ನಿಪಲ್ ಬಿಚ್ಚಿದಾಗ ಮಾತ್ರ ಬಿಟ್ಟರೆ ರಬ್ಬರ್ ಹೋಸಿನ ಒಳಪದರ ಊದಿ ದಾರಿ ಮುಚ್ಚಿದೆ. ನಿಪಲ್ ಬಿಚ್ಚಿದರೂ ಬಿಡದಿದ್ದರೆ ಆಯಿಲಿನ ತಂಟೆಯೇ ಅಲ್ಲ, ಶೂ ಅಥವಾ ವೀಲ್ ಪಿಸ್ಟನ್ ಸಿಕ್ಕಿಕೊಂಡಿದೆ.

ಮೈನರ್_ಮೈಸೂರು

ಸಿಲಿಂಡರಿನ ಎರಡು ಬೋಲ್ಟ್ ಸಡಿಲಿಸಿ ಸರಿಸಿದ ಕೂಡಲೇ ಬಿಟ್ಟಿತು, ದೀಪವೂ ಆರಿತು!

ಒಂಟಿಕೊಪ್ಪಲ್

ಸರಿ ಹೋಯ್ತು. ಪುಶ್ ರಾಡ್ ತುದಿಗೂ ಪಿಸ್ಟನ್ನಿಗೂ ನಡುವೆ ಸುಮಾರು 1 ಮಿ.ಮೀ. ಬಿಡುವು ಬೇಕು. ಪೆಡಲ್ ತುದಿಯಲ್ಲಿ ಅದು ಕೆಲವು ಮಿ.ಮೀ. ಆಗಿ ಕೈಗೆ ಗೊತ್ತಾಗುತ್ತೆ. ಪಾದದಲ್ಲಿ ನೋಡಬೇಡಿ, ಬೆರಳಲ್ಲಿ ಒತ್ತಿ ನೋಡಿ. ರಾಡಿಗೆ ಲಾಕ್ ನಟ್ ಇದ್ದರೆ ಅದನ್ನ ಸಡಿಲಿಸಿ ಉದ್ದ ಕಡಿಮೆ ಮಾಡಿ. ಹೊಸ ಸಿಲಿಂಡರ್ ಜೊತೆ ಬಂದ ರಾಡ್ ಹಾಕಿದ್ದರೆ ಹಳೇದರ ಪಕ್ಕ ಇಟ್ಟು ಉದ್ದ ಹೋಲಿಸಿ. ರಾಡ್ ಮುಟ್ಟೋ ಮುಂಚೆ ಪೆಡಲ್ ತನ್ನ ತಡೆಗೆ ಪೂರ್ತಿ ವಾಪಸ್ ಬರ್ತಿದೆಯಾ ಅನ್ನೋದನ್ನೂ ನೋಡಿ. ಸ್ಪ್ರಿಂಗ್ ಸೋತಿದ್ದರೆ, ಪೆಡಲ್ ಬುಶ್ ಒಣಗಿ ಹಿಡೀತಿದ್ದರೆ, ದಪ್ಪ ಮ್ಯಾಟ್ ಪೆಡಲ್ ಕುತ್ತಿಗೆಗೆ ಒತ್ತುತ್ತಿದ್ದರೆ ಇದೇ ಕಾಯಿಲೆ ಬರುತ್ತೆ. ರಾಡ್ ಕುಗ್ಗಿಸಿದರೂ ಪ್ರಯೋಜನ ಇಲ್ಲ.

ಸರಿ ಮಾಡಿದ ಮೇಲೆ ಪ್ಲಗ್ ತೆಗೆದು ಒಬ್ಬರು ಪೆಡಲ್ ಮೆಲ್ಲಗೆ ಮುಟ್ಟಲಿ, ಟ್ಯಾಂಕಲ್ಲಿ ಚಿಲುಮೆ ಏಳಬೇಕು. ಬಿಡುವು ಜಾಸ್ತಿ ಕೊಟ್ಟರೂ ತಪ್ಪೇ, ಅಷ್ಟು ಪೆಡಲ್ ಓಟ ಸುಮ್ಮನೆ ಹಾಳು.

ಮೈನರ್_ಮೈಸೂರು

ಹಳೇ ರಾಡ್ ಪಕ್ಕ ಇಟ್ಟರೆ ಹೊಸದು ಕಣ್ಣಿಗೇ ಉದ್ದ ಕಾಣುತ್ತೆ. ಹಳೇದನ್ನೇ ಹಾಕಿದೆ, ಚಿಲುಮೆ ಏಳ್ತಿದೆ. ಡ್ರಮ್ ಕೈ ಇಡುವಷ್ಟು ತಣ್ಣಗಿವೆ.

ಲೇತ್_ಮಂಡ್ಯ

ಹಳೇ ರಾಡ್ ತುದಿ ಗುಂಡಗೆ ನೈಸಾಗಿ ಐತಾ ನೋಡ್ಕಳಿ, ಚಪ್ಪಟೆ ಆಗಿದ್ರೆ ಪಿಸ್ಟನ್ನ ಗುಳೀಲಿ ಓರೆಯಾಗಿ ತಳ್ತದೆ. ಹಂಗಿದ್ರೆ ಹೊಸ ರಾಡ್ನೇ ಕಡ್ಮೆ ಮಾಡಿ ಥ್ರೆಡ್ ಹಾಕಿಸ್ಕಳದು ವಾಸಿ.

ಒಂಟಿಕೊಪ್ಪಲ್

ಹಾಗೇ ಡ್ರಮ್‌ಗಳು ಅಷ್ಟು ಕಾದಿದ್ದರಿಂದ ಆರು ವೀಲ್ ಸಿಲಿಂಡರಿನ ಬೂಟ್ ಒಳಗೆ ಒದ್ದೆ ಇದೆಯಾ ಅಂತ ಒಂದು ಸಲ ಎತ್ತಿ ನೋಡಿ. ಶೂ ಅಡ್ಜಸ್ಟರ್ ತಣ್ಣಗಿದ್ದಾಗ ಮತ್ತೆ ಸೆಟ್ ಮಾಡಿ. ಬೋಲ್ಟ್ ಮತ್ತೆ ಬಿಗಿದಿದ್ದೀರಾ? ಬಿಗಿದಿದ್ದರೆ ನೆಲದ ತಗಡಿನ ಸ್ಕ್ರೂಗಳಿಗೆ ಗ್ರೀಸ್ ಹಚ್ಚಿ ಹಾಕಿ, ಫಿಲ್ಲರ್ ಬಾಯಿಗೆ ರಬ್ಬರ್ ಮುಚ್ಚಳ ಮರೀಬೇಡಿ.